ಜಾಮ್ ಆದ ಹಳೆಯ ಮಾಡೆಲ್ ವಿಮಾನದ ಎಂಜಿನ್ ಬಿಡಿಸುವುದು: ಮೊದಲು ಬಿಸಿ, ಆಮೇಲೆ ಬಲ

ಆ ಎಂಜಿನ್ ನನ್ನ ಕೈಗೆ ಬಂದದ್ದು ಹಾರ್ಲಿಕ್ಸ್ ಬಾಟಲಿಯಲ್ಲಿ. ಗೆಳೆಯನ ಮಾವ ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಏರ್ ವಿಂಗ್ ಕೆಡೆಟ್. ಎರಡು ತಂತಿ ಹಿಡಿದು ಸುತ್ತಲೂ ವಿಮಾನ ತಿರುಗಿಸುವ ಕಂಟ್ರೋಲ್ ಲೈನ್ ಹುಚ್ಚು ಅಲ್ಲೇ ಹತ್ತಿದ್ದು. ಆಮೇಲೆ ನೌಕರಿ, ಮದುವೆ, ವರ್ಗಾವಣೆ ಎಂದು ಎಂಜಿನ್ ಅಟ್ಟ ಸೇರಿತು. ಮನೆ ಬದಲಿಸುವಾಗ ಕೆಳಗಿಳಿದದ್ದನ್ನು ನನ್ನ ಮುಂದಿಟ್ಟು, "ತಗೊಳಪ್ಪ, ಕಲ್ಲಿನ ಥರ ಹಿಡ್ಕೊಂಡಿದೆ. ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ" ಅಂದರು.

ಅದು ಓ.ಎಸ್. ಕಂಪನಿಯ ಗ್ಲೋ ಎಂಜಿನ್, ಅಂದರೆ ಕಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಬಗೆಯದು; ಮಾದರಿ 40 ಎಫ್‌ಪಿ. ಹೆಸರಿನ 40 ಎಂದರೆ 0.40 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 6.5 ಸಿಸಿ. ಮೈಯೆಲ್ಲ ಕಂದು ಬಣ್ಣ, ಹೆಡ್ಡಿನ ರೆಕ್ಕೆಗಳ ನಡುವೆ ಆರಿ ಗಟ್ಟಿಯಾದ ಬೆಲ್ಲದ ಪಾಕದಂಥದ್ದೇನೋ. ಪ್ರಾಪೆಲ್ಲರ್ ಶಾಫ್ಟ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮಾರನೆಯ ದಿನ ಸಂಜೆ ಅದೇ ಎಂಜಿನ್ ಎರಡು ಬೆರಳಿಗೆ ತಿರುಗುತ್ತಿತ್ತು. ಅದರಲ್ಲಿ ನನ್ನ ಕೈಚಳಕ ಏನೂ ಇಲ್ಲ. ಹೀಗೆ ಬರುವ ಎಂಜಿನ್‌ಗಳಲ್ಲಿ ಬಹುಪಾಲು ನಿಜವಾಗಿ ಸೀಜ್ ಆಗಿರುವುದೇ ಇಲ್ಲ, ಅಂಟಿಕೊಂಡಿರುತ್ತವೆ ಅಷ್ಟೆ. ಅಂಟಿದ್ದನ್ನು ಮುರಿಯಬಾರದು, ಕರಗಿಸಬೇಕು. ಇಷ್ಟು ತಿಳಿಯದೆ ನಾನು ಹಿಂದೊಮ್ಮೆ ಒಳ್ಳೆಯ ಎಂಜಿನ್ನೊಂದನ್ನು ಹಾಳುಮಾಡಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಹಿಡಿದುಕೊಂಡಿರುವುದು ಯಾವುದು?

ಗ್ಲೋ ಎಂಜಿನ್‌ನ ಇಂಧನ ಮೆಥನಾಲ್, ಎಣ್ಣೆ ಮತ್ತು ಸ್ವಲ್ಪ ನೈಟ್ರೋಮೀಥೇನ್. ಹಳೆಯ ಕಾಲದಲ್ಲಿ ಆ ಎಣ್ಣೆ ಎಂದರೆ ಹರಳೆಣ್ಣೆ, ಅಜ್ಜಿ ತಲೆಗೆ ಮೆತ್ತುತ್ತಿದ್ದ ಅದೇ ಹರಳೆಣ್ಣೆ. ಬಿಸಿಯಲ್ಲಿ ಲೋಹವನ್ನು ಕಾಪಾಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಓಡಿಸಿ ಹಾಗೇ ಬಿಟ್ಟರೆ ಗಾಳಿಗೆ ಮತ್ತು ಉಳಿದ ಕಾವಿಗೆ ಅದು ಮೊದಲು ಜಿಡ್ಡಾಗುತ್ತದೆ, ಆಮೇಲೆ ಮೇಣ, ವರ್ಷಗಳು ಕಳೆದರೆ ಅರಗು. ಪಿಸ್ಟನ್ನಿಗೂ ಅದು ಓಡಾಡುವ ಕೊಳವೆಯಾದ ಲೈನರ್‌ಗೂ ನಡುವೆ ಮಿಲಿಮೀಟರಿನ ನೂರನೇ ಒಂದರ ಆಸುಪಾಸಿನ ಸಂದು. ಅಲ್ಲಿ ಅರಗು ತುಂಬಿದರೆ ಅದು ಫೆವಿಕಾಲ್ ಹಾಕಿದಂತೆಯೇ.

ಇನ್ನೊಂದು ಶತ್ರು ತುಕ್ಕು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೈಟ್ರೋ ಉರಿದಾಗ ಆಮ್ಲದ ಅಂಶ ಉಳಿಯುತ್ತದೆ. ಹರಳೆಣ್ಣೆ ಇದ್ದಲ್ಲಿ ಲೋಹದ ಮೇಲೆ ಒಂದು ಪದರ ಕೂತು ತಕ್ಕಮಟ್ಟಿಗೆ ಕಾಯುತ್ತದೆ. ಬರೀ ಸಿಂಥೆಟಿಕ್ ಎಣ್ಣೆಯಲ್ಲಿ ಓಡಿದ ಎಂಜಿನ್ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಒಳಗೆ ಬೇರಿಂಗ್ ಕೆಂಪಾಗಿರಬಹುದು. ಹಾಗಾಗಿ ಕೊಳಕಾಗಿ ಕಾಣುವ ಎಂಜಿನ್ ನೋಡಿದರೆ ನನಗೆ ಸಮಾಧಾನ, ಥಳಥಳಿಸುವ ಜಾಮ್ ಎಂಜಿನ್ ನೋಡಿದರೆ ಅನುಮಾನ.

ಪತ್ತೆ ಮಾಡಲು ಐದು ನಿಮಿಷ ಸಾಕು. ಮಫ್ಲರ್ ಬಿಚ್ಚಿ ಎಕ್ಸಾಸ್ಟ್ ಕಿಂಡಿಯಿಂದ ಟಾರ್ಚ್ ಬಿಡಿ. ಪಿಸ್ಟನ್ನಿನ ಬದಿ ಕಂದು, ಜೇನಿನ ಬಣ್ಣ ಅಥವಾ ಕಪ್ಪಗಿದ್ದರೆ ಹರಳೆಣ್ಣೆ. ಇಟ್ಟಿಗೆ ಪುಡಿಯ ಕೆಂಪು ಕಂಡರೆ ತುಕ್ಕು. ಗ್ಲೋ ಪ್ಲಗ್ ಬಿಚ್ಚಿ ಮೇಲಿನಿಂದಲೂ ನೋಡಿ. ಆಮೇಲೆ ಶಾಫ್ಟನ್ನು ಬೆರಳಲ್ಲಿ ಹಿಡಿದು ತೀರಾ ಮೆಲ್ಲಗೆ ಅತ್ತಿತ್ತ ಆಡಿಸಿ. ಒಂದೆರಡು ಡಿಗ್ರಿಯಷ್ಟು 'ಟಿಕ್ ಟಿಕ್' ಎಂದು ಆಡಿದರೆ ಶಾಫ್ಟ್ ಬಿಟ್ಟಿದೆ, ಪಿಸ್ಟನ್ ಹಿಡಿದಿದೆ ಎಂದರ್ಥ. ಚೂರೂ ಆಡದಿದ್ದರೆ ಬೇರಿಂಗ್ ಅಥವಾ ಬುಶ್ಶೂ (ಗುಂಡುಗಳಿಲ್ಲದೆ ಶಾಫ್ಟನ್ನು ಹೊರುವ ಲೋಹದ ಬಳೆ) ಹಿಡಿದಿರಬಹುದು.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಎಬಿಸಿ ಮಾದರಿಯ ಎಂಜಿನ್‌ಗಳಲ್ಲಿ, ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಒಳಮೈಗೆ ಕ್ರೋಮ್ ಲೇಪಿಸಿದ ಹಿತ್ತಾಳೆ ಲೈನರ್ ಇರುವವುಗಳಲ್ಲಿ, ಲೈನರ್ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ತಣ್ಣಗಿದ್ದಾಗ ಪಿಸ್ಟನ್ ತುದಿಗೆ ಬಂದು ಗಕ್ಕನೆ ನಿಲ್ಲುವುದು ಅದರ ಹುಟ್ಟುಗುಣ. ಓಡಿ ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಸರಿಯಾದ ಸಂದು ಕೊಡಲಿ ಎಂದೇ ಹಾಗೆ ಮಾಡಿರುತ್ತಾರೆ. ಉಳಿದ ಕಡೆಯೆಲ್ಲ ಸಲೀಸಾಗಿ ತಿರುಗಿ ತುದಿಯಲ್ಲಷ್ಟೇ ಬಿಗಿಯಾದರೆ ಅದು ಜಾಮ್ ಅಲ್ಲ. ಹಾಗೆಂದು ಒಳಗೆ ಉಜ್ಜಲು ಹೊರಟರೆ ಕೆಲಸ ಕೆಟ್ಟಿತು.

ಮಾಡಬಾರದ್ದು

ನನ್ನ ತಪ್ಪಿನ ಕಥೆ ಇಲ್ಲಿ ಹೇಳಿಬಿಡುತ್ತೇನೆ. ಬಾಲ್ ಬೇರಿಂಗ್ ಇದ್ದ ಒಂದು 46 ಎಂಜಿನ್. ಪಿಸ್ಟನ್ ಮೇಲಿನ ತುದಿಯ ಹತ್ತಿರ ಹಿಡಿದಿತ್ತು. ನಾನು 11 ಇಂಚಿನ ಪ್ರಾಪ್ ಬಿಗಿದು, ಅದರ ಎರಡೂ ತುದಿ ಹಿಡಿದು ಒತ್ತಿದೆ. 'ಟಕ್' ಅಂತು, ತಿರುಗಿತು. ಗೆದ್ದೆ ಎಂದುಕೊಂಡೆ. ಶಾಫ್ಟೇನೋ ಬೆಣ್ಣೆಯ ಹಾಗೆ ತಿರುಗುತ್ತಿದೆ, ಪಿಸ್ಟನ್ ಮಾತ್ರ ಇದ್ದಲ್ಲೇ ಇದೆ. ಹಿಂಬದಿಯ ಮುಚ್ಚಳ, ಅಂದರೆ ಬ್ಯಾಕ್‌ಪ್ಲೇಟ್ ಬಿಚ್ಚಿದರೆ ಕನೆಕ್ಟಿಂಗ್ ರಾಡ್‌ನ ಕೆಳಗಿನ ಕಣ್ಣು ಎರಡು ಹೋಳು.

ಅದು ಯಾಕೆ ಮುರಿಯಿತು ಎಂದು ಆಮೇಲೆ ಹೊಳೆಯಿತು. ಪಿಸ್ಟನ್ ತುದಿಯ ಹತ್ತಿರವಿದ್ದಾಗ ಕ್ರ್ಯಾಂಕ್ ಮತ್ತು ರಾಡ್ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಆಗ ಶಾಫ್ಟಿಗೆ ಕೊಟ್ಟ ಸಣ್ಣ ಬಲ ರಾಡ್ ಮೇಲೆ ಹತ್ತಾರು ಪಟ್ಟಾಗಿ ಬೀಳುತ್ತದೆ. ಅಡಕತ್ತರಿಯ ತಿರುಗುಮೊಳೆಯ ಬುಡಕ್ಕೆ ಅಡಕೆ ಇಟ್ಟು ಅದುಮಿದರೆ ಹೇಗೋ ಹಾಗೆ. ಅಡಕೆಯ ಜಾಗದಲ್ಲಿ ಇರುವುದು ಬೆರಳ ದಪ್ಪವೂ ಇಲ್ಲದ ಅಲ್ಯೂಮಿನಿಯಂ ರಾಡ್.

ಎಲೆಕ್ಟ್ರಿಕ್ ಸ್ಟಾರ್ಟರ್ ಹಚ್ಚುವುದು ಇದೇ ತಪ್ಪಿನ ದೊಡ್ಡಣ್ಣ. ಶಾಫ್ಟನ್ನು ಇಕ್ಕಳದಲ್ಲಿ ಕಚ್ಚಿಸಿ ತಿರುಗಿಸಬೇಡಿ, ಪ್ರಾಪ್ ನಟ್ಟಿನ ಮರೆ (ಥ್ರೆಡ್) ಹೋಗುತ್ತದೆ. ಎಕ್ಸಾಸ್ಟ್ ಕಿಂಡಿಗೆ ಸ್ಕ್ರೂ ಡ್ರೈವರ್ ತೂರಿಸಿ ಪಿಸ್ಟನ್ ಮೀಟಬೇಡಿ. ಒಂದೇ ಒಂದು ಗೀರು ಬಿದ್ದರೂ ಕಂಪ್ರೆಶನ್‌ಗೆ ಕೊನೆಯ ನಮಸ್ಕಾರ. ಗ್ಯಾಸ್ ಸ್ಟವ್ ಅಥವಾ ಬ್ಲೋ ಟಾರ್ಚ್‌ನ ನೇರ ಉರಿಗೆ ಹಿಡಿಯಬೇಡಿ. ಎಂಜಿನ್ ಮೈಯ ಅಲ್ಯೂಮಿನಿಯಂ ಕರಗುವ ಮೊದಲೇ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ.

ಅಡುಗೆಮನೆಯ ಉಪಾಯಗಳ ಬಗ್ಗೆಯೂ ಒಂದು ಮಾತು. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ, ಎಂಜಿನ್‌ಗಲ್ಲ. ಹುಳಿ ಉಕ್ಕಿನ ಭಾಗಗಳನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟದ್ದು, ಅಲ್ಯೂಮಿನಿಯಂ ಅದರಲ್ಲಿ ನೊರೆಯೆದ್ದು ಕರಗುತ್ತಾ ಹೋಗುತ್ತದೆ. ಓವನ್ ತೊಳೆಯುವ ಸ್ಪ್ರೇಗಳಲ್ಲಿಯೂ ಸಾಮಾನ್ಯವಾಗಿ ಅದೇ ಇರುತ್ತದೆ.

ಸೀಮೆಎಣ್ಣೆ ಯಾಕೆ ಕೆಲಸ ಮಾಡುವುದಿಲ್ಲ

ಜಾಮ್ ಆದದ್ದು ಏನೇ ಇರಲಿ, ಸೀಮೆಎಣ್ಣೆಯಲ್ಲಿ ನೆನೆಹಾಕು ಎನ್ನುವುದು ನಮ್ಮ ಗ್ಯಾರೇಜುಗಳ ಮೊದಲ ಸಲಹೆ. ಬೈಕಿಗೆ ಅದು ಸರಿಯೇ. ಇಲ್ಲಿ ಹಿಡಿದಿರುವುದು ಹರಳೆಣ್ಣೆ, ಮತ್ತು ಹರಳೆಣ್ಣೆ ಬೇರೆ ಎಣ್ಣೆಗಳ ಹಾಗಲ್ಲ. ಸೀಮೆಎಣ್ಣೆ, ಪೆಟ್ರೋಲುಗಳ ಜೊತೆ ಅದು ಸರಿಯಾಗಿ ಬೆರೆಯುವುದಿಲ್ಲ, ಆಲ್ಕೋಹಾಲಿನಲ್ಲಿ ಸಲೀಸಾಗಿ ಕರಗುತ್ತದೆ. ಮಾಡೆಲ್ ಡೀಸೆಲ್ ಎಂಜಿನ್‌ಗಳ ಇಂಧನ ಸೀಮೆಎಣ್ಣೆ, ಹರಳೆಣ್ಣೆ ಮತ್ತು ಈಥರ್‌ಗಳ ಮಿಶ್ರಣ. ಅದರಲ್ಲಿ ಈಥರ್ ಬೇಗ ಹೊತ್ತಿಕೊಳ್ಳುವುದು ಮಾತ್ರವಲ್ಲ, ಒಂದಕ್ಕೊಂದು ಸೇರದ ಆ ಎರಡನ್ನೂ ಒಂದುಗೂಡಿಸುವುದೂ ಅದೇ.

ಆದ್ದರಿಂದ ನಮಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಬೋರ್ಡು ತೊಳೆಯಲು ಬಳಸುವ ಐಪಿಎ ಇದೇ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಉಳಿದವರು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಅಸಿಟೋನ್ ಇನ್ನೂ ಚುರುಕು. ಮೆಥನಾಲ್ ಕೂಡ ಕರಗಿಸುತ್ತದೆ, ಆದರೆ ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಬರೀ ತೊಳೆಯುವ ಕೆಲಸಕ್ಕೆ ಅದರ ಗೊಡವೆ ಬೇಡ.

ಇವೆಲ್ಲ ಬೆಂಕಿಗೆ ಕಾದು ಕೂತ ದ್ರವಗಳು. ಸ್ಪಿರಿಟ್ ಇರುವಾಗ ಬಿಸಿ ಇಲ್ಲ, ಬಿಸಿ ಮಾಡುವಾಗ ಸ್ಪಿರಿಟ್ ಇಲ್ಲ. ಎರಡರ ನಡುವೆ ವಾಸನೆ ಪೂರ್ತಿ ಹೋಗುವಷ್ಟು ಸಮಯ ಬಿಡಿ, ಬಾಟಲಿಯನ್ನು ಬೇರೆ ಕೋಣೆಯಲ್ಲಿಡಿ.

ಬಿಸಿ ಮಾಡುವುದು

ಮೊದಲು ಕಾರ್ಬ್ಯುರೇಟರ್, ಮಫ್ಲರ್, ಗ್ಲೋ ಪ್ಲಗ್ ಮೂರನ್ನೂ ಬಿಚ್ಚಿ ಪಕ್ಕಕ್ಕಿಡಿ. ಕಾರ್ಬಿನಲ್ಲಿ ರಬ್ಬರ್ ಓ-ರಿಂಗ್ ಇರುತ್ತವೆ, ಕೆಲವದರಲ್ಲಿ ಪ್ಲಾಸ್ಟಿಕ್ ಭಾಗಗಳೂ ಇರುತ್ತವೆ. ಒಳಗೆ ಹಳೆಯ ಇಂಧನ ಉಳಿದಿದ್ದರೆ ಬಗ್ಗಿಸಿ ಸುರಿದು, ಬಯಲಿನಲ್ಲಿ ಆರಲು ಬಿಡಿ.

ಹೀಟ್‌ ಶ್ರಿಂಕ್ ಟ್ಯೂಬಿಗೆ ಬಳಸುವ ಹಾಟ್ ಏರ್ ಗನ್ ಇದ್ದರೆ ಸಾಕು. ಎಂಜಿನ್ನನ್ನು ಮರದ ತುಂಡಿನ ಮೇಲಿಟ್ಟು, ಗನ್ ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸುತ್ತಾ, ಸಿಲಿಂಡರ್ ಭಾಗಕ್ಕೆ ಹೆಚ್ಚು, ಮೂಗಿನ ಕಡೆಗೆ ಕಡಿಮೆ ಬಿಸಿ ಕೊಡಿ. ಗುರಿ 100ರಿಂದ 120 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ದೋಸೆ ಕಾವಲಿಯ ಲೆಕ್ಕ ಹಿಡಿಯಿರಿ. ಬೆರಳು ಒದ್ದೆ ಮಾಡಿ ಒಂದು ಹನಿ ಚಿಮುಕಿಸಿ, ಚುಂಯ್ ಎಂದು ಆರಿದರೆ ಸರಿಯಾಗಿದೆ. ಹನಿ ಮುತ್ತಿನಂತೆ ಉರುಳಾಡತೊಡಗಿದರೆ ಅತಿಯಾಯಿತು, ಗನ್ ಇಳಿಸಿ.

ಬಿಸಿ ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಗಟ್ಟಿಯಾದ ಹರಳೆಣ್ಣೆಯನ್ನು ಮೆತ್ತಗಾಗಿಸುವುದು. ಅದಾಗುವಾಗ ಒಂದು ವಾಸನೆ ಬರುತ್ತದೆ. ಹಳೆಯ ಏರೋಮಾಡೆಲರ್‌ಗಳು ಕಣ್ಣು ಮುಚ್ಚಿ ಮುಗುಳ್ನಗುವುದು ಆ ವಾಸನೆಗೇ. ಇನ್ನೊಂದು, ಲೋಹಗಳ ಹಿಗ್ಗುವಿಕೆ. ಉಕ್ಕು, ಎರಕದ ಕಬ್ಬಿಣಗಳಿಗಿಂತ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ. 20 ಮಿಮೀ ವ್ಯಾಸದ ಲೈನರ್ ಕೂತ ಅಲ್ಯೂಮಿನಿಯಂ ಗೂಡು 100 ಡಿಗ್ರಿ ಏರಿದರೆ ಸುಮಾರು 0.046 ಮಿಮೀ ಅಗಲವಾಗುತ್ತದೆ, ಒಳಗಿನ ಉಕ್ಕಿನ ಲೈನರ್ 0.023 ಮಿಮೀ ಮಾತ್ರ. ಆ ಉಳಿದ ಅರ್ಧವೇ ನಮ್ಮ ಲಾಭ. ತಣ್ಣಗಿದ್ದಾಗ ಸುತ್ತಿಗೆಗೂ ಬಗ್ಗದ ಲೈನರ್ ಬಿಸಿಯಲ್ಲಿ ತಾನಾಗಿ ಜಾರುವುದು ಇದರಿಂದಲೇ. ಆದರೆ ಕಬ್ಬಿಣದ ಪಿಸ್ಟನ್, ಉಕ್ಕಿನ ಲೈನರ್ ಜೋಡಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುವುದರಿಂದ ಅವುಗಳ ನಡುವಿನ ಸಂದೇನೂ ದೊಡ್ಡದಾಗುವುದಿಲ್ಲ. ಅಲ್ಲಿ ಅರಗು ಕರಗುವುದೊಂದೇ ದಾರಿ, ಅದಕ್ಕೆ ಹೆಚ್ಚು ಹೊತ್ತು ಬೇಕು.

ಐದಾರು ನಿಮಿಷ ಕಾಯಿಸಿದ ಮೇಲೆ ಒಳಗಿನ ಪಿಸ್ಟನ್ನಿಗೂ ಬಿಸಿ ಮುಟ್ಟಲಿ ಎಂದು ಒಂದೆರಡು ನಿಮಿಷ ಬಿಡಿ. ಚರ್ಮದ ಕೈಗವಸು ಹಾಕಿ, ಹಳೆಯ ಮರದ ಪ್ರಾಪ್ ಬಿಗಿದು, ತುದಿಯಲ್ಲಲ್ಲ, ನಡುಬುಡದ ಹತ್ತಿರ ಎರಡು ಬೆರಳಲ್ಲಿ ಹಿಡಿಯಿರಿ. ಬುಡದಲ್ಲಿ ಹಿಡಿದರೆ ನಿಮಗೆ ಸನ್ನೆಯ ಬಲ ಸಿಗುವುದಿಲ್ಲ, ಸಿಗಬಾರದೆಂದೇ ಹಾಗೆ ಹಿಡಿಯುವುದು. ಪಿಸ್ಟನ್ ಮೇಲಿದ್ದರೆ ಅದು ಕೆಳಗಿಳಿಯುವ ದಿಕ್ಕಿಗೆ ಮೆಲ್ಲಗೆ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಪೂರ್ತಿ ಸುತ್ತಿಸುವ ಆಸೆ ಬೇಡ. ಜಗ್ಗದಿದ್ದರೆ ಮತ್ತೆ ಬಿಸಿ.

ಹಾರ್ಲಿಕ್ಸ್ ಬಾಟಲಿಯ ಎಂಜಿನ್ ಮೊದಲ ಎರಡು ಸರದಿಯಲ್ಲಿ ಮಿಸುಕಲಿಲ್ಲ. ಮೂರನೆಯ ಸಲ ಎಕ್ಸಾಸ್ಟ್ ಕಿಂಡಿಯ ಅಂಚಿನಲ್ಲಿ ಕಂದು ಬಣ್ಣದ ಒಂದು ಹನಿ ಒಸರಿ ನಿಂತಿತು. ಅದನ್ನು ನೋಡಿದ ಮೇಲೆ ಪ್ರಾಪ್ ಮುಟ್ಟಿದೆ. ಪಿಸ್ಟನ್ ಬಿಡುಗಡೆಯಾದದ್ದು ಕೈಗೆ ಗೊತ್ತಾಗಲೇ ಇಲ್ಲ, ಕಿಂಡಿಯಲ್ಲಿ ಹೊಸದಾಗಿ ಕಂಡ ಬೆಳ್ಳಿಗೆರೆ ನೋಡಿಯೇ ತಿಳಿದದ್ದು. ಅರ್ಧ ಮಿಲಿಮೀಟರ್ ಇಳಿದಿತ್ತು.

ಹೀಗೆ ಚೂರು ಸರಿದಾಗಲೇ ನಿಲ್ಲಿಸಬೇಕು. ಪೂರ್ತಿ ತಣಿಯಲು ಬಿಡಿ. ಆಮೇಲೆ ಪ್ಲಗ್ ರಂಧ್ರಕ್ಕೆ, ಎಕ್ಸಾಸ್ಟಿಗೆ, ಕಾರ್ಬ್ ಕೂರುವ ಬಾಯಿಗೆ ಐಪಿಎ ಹನಿಸಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಒಂದೊಂದೇ ಮಿಲಿಮೀಟರ್ ಹಿಂದೆ ಮುಂದೆ ಆಡಿಸುತ್ತಾ ದಾರಿ ಬಿಡಿಸಿಕೊಳ್ಳಿ. ಕಂದು ನೀರು ಬರುತ್ತಲೇ ಇರುತ್ತದೆ, ಸುರಿದು ಹೊಸದು ಹಾಕಿ.

ಬಿಸಿಗೂ ಬಗ್ಗದಿದ್ದರೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಅರ್ಧಕ್ಕರ್ಧ ಸೇರಿಸಿ ಹನಿಸಿ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿಯೇ ಹಾಕಬೇಕು. ತುಕ್ಕಿನಿಂದ ಹಿಡಿದ ಕಬ್ಬಿಣದ ಪಿಸ್ಟನ್ನಿಗೆ ಇದು ಒಳ್ಳೆಯ ಮದ್ದು, ಆದರೆ ದಿನಗಳ ಲೆಕ್ಕ. ನಾನು ಒಂದನ್ನು ಒಂಬತ್ತು ದಿನ ನೆನೆಸಿದ್ದೇನೆ.

ಬಿಚ್ಚುವುದು

ತಿರುಗತೊಡಗಿದ ಮೇಲೆ "ಆಯ್ತಲ್ಲ, ಓಡಿಸಿಬಿಡೋಣ" ಅನ್ನಿಸುತ್ತದೆ. ಬೇಡ. ಒಳಗೆ ಬಿಟ್ಟ ತುಕ್ಕಿನ ಪುಡಿ, ಕರಕಲಿನ ಚೂರು ಉಪ್ಪುಕಾಗದದಂತೆ ಉಜ್ಜುತ್ತವೆ.

ಸ್ಕ್ರೂಗಳ ವಿಷಯದಲ್ಲಿ ಅವಸರ ಬೇಡ. ಜಪಾನಿನ ಎಂಜಿನ್‌ಗಳಿಗೆ ಮೆಟ್ರಿಕ್ ಅಳತೆ, ಅಮೆರಿಕದ ಫಾಕ್ಸ್, ಕೆ ಅಂಡ್ ಬಿ ಥರದವಕ್ಕೆ ಇಂಚಿನ ಅಳತೆ, ಹಳೆಯ ಬ್ರಿಟಿಷ್ ಎಂಜಿನ್‌ಗಳಲ್ಲಿ ಹೆಚ್ಚಾಗಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಮರೆ. 'ಹೆಚ್ಚುಕಡಿಮೆ ಕೂರುವ' ಅಲೆನ್ ಕೀ ತೂರಿಸಿದರೆ ತಲೆ ಸವೆದು ಗುಂಡಾಗುತ್ತದೆ. ಮತ್ತೆ ಸ್ವಲ್ಪ ಬಿಸಿ ಮಾಡಿ, ಡ್ರೈವರ್ ಕೂರಿಸಿ ಹಿಡಿಗೆ ಸಣ್ಣ ಸುತ್ತಿಗೆಯಿಂದ ಎರಡು ಏಟು ಕೊಟ್ಟು, ಆಮೇಲೆ ತಿರುಗಿಸಿ. ಹೆಡ್ಡಿನ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಎದುರುಬದುರಾಗಿ ಸಡಿಲಿಸುತ್ತಾ ಬನ್ನಿ.

ಹೆಡ್ ತೆಗೆದಾಗ ಅದರ ಕೆಳಗೆ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ತಾಮ್ರದ ಅಥವಾ ಅಲ್ಯೂಮಿನಿಯಂ ಶಿಮ್ ಇರಬಹುದು, ಒಂದಕ್ಕಿಂತ ಹೆಚ್ಚೂ ಇರಬಹುದು. ಎಷ್ಟಿದ್ದವು ಎಂದು ಬರೆದಿಡಿ. ಕಂಪ್ರೆಶನ್ ಎಷ್ಟಿರಬೇಕು ಎಂದು ನಿರ್ಧರಿಸುವುದೇ ಅವು. ಬಿಚ್ಚುವ ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆಯಿರಿ, ಬಿಚ್ಚಿದ್ದನ್ನು ಊಟದ ತಟ್ಟೆಯಲ್ಲಿ ಸಾಲಾಗಿಡಿ.

ಬ್ಯಾಕ್‌ಪ್ಲೇಟ್ ತೆಗೆದ ಮೇಲೆ ಲೈನರ್. ಸಿಲಿಂಡರ್ ಭಾಗವನ್ನು ಮತ್ತೆ ಬಿಸಿ ಮಾಡಿ, ಬಟ್ಟೆ ಸುತ್ತಿ ತಲೆಕೆಳಗು ಹಿಡಿದು ಮರದ ಮೇಜಿಗೆ ತಟ್ಟಿ. ಬರದಿದ್ದರೆ ಒಂದು ಜಾಣ ಉಪಾಯವಿದೆ. ಪಿಸ್ಟನ್ ಕೆಳಗಿಳಿಸಿ, ತೆಳ್ಳಗಿನ ಪ್ಲಾಸ್ಟಿಕ್ ಕೇಬಲ್ ಟೈ ತುದಿಯನ್ನು ಎಕ್ಸಾಸ್ಟ್ ಕಿಂಡಿಯಿಂದ ಒಳಗೆ ತೂರಿಸಿ ಪಿಸ್ಟನ್ನಿನ ತಲೆಯ ಮೇಲೆ ಕೂರಿಸಿ. ಶಾಫ್ಟನ್ನು ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಮೇಲೇರುತ್ತಾ, ಟೈ ಮೂಲಕ ಕಿಂಡಿಯ ಮೇಲಂಚನ್ನು ಒತ್ತಿ ಲೈನರ್ ಅನ್ನೇ ಎತ್ತುತ್ತದೆ. ಬಿಸಿ ಇರುವಾಗ, ಬೆರಳ ಬಲದಲ್ಲಿ ಮಾತ್ರ ಇದನ್ನು ಮಾಡಬೇಕು. ಟೈ ಬದಲು ಮೊಳೆ ಹಾಕಿದವರು ಎರಡನೆಯ ಸಲ ಹಾಕುವುದಿಲ್ಲ.

ಲೈನರ್ ಹೊರಬಂದ ಮೇಲೆ ಪಿಸ್ಟನ್ ಪೂರ್ತಿ ಕೆಳಗಿಳಿಸಿ ರಾಡ್‌ನ ಕೆಳಗಿನ ಕಣ್ಣನ್ನು ಕ್ರ್ಯಾಂಕ್ ಪಿನ್ನಿನಿಂದ ಹಿಂದಕ್ಕೆ ಜಾರಿಸಿ. ತೆಗೆಯುವ ಮೊದಲೇ ಮಾರ್ಕರ್‌ನಿಂದ ಪಿಸ್ಟನ್ನಿನ ಮೇಲೆ ಒಂದು ಬಾಣ, ರಾಡ್ ಮೇಲೆ ಒಂದು ಚುಕ್ಕೆ, ಎರಡೂ ಪ್ರಾಪ್ ಕಡೆಗೆ. ಹಳೆಯ ಎಂಜಿನ್‌ಗಳಲ್ಲಿ ಪಿಸ್ಟನ್ ತಲೆಯ ಮೇಲೆ ಗೋಡೆಯಂಥ ಬ್ಯಾಫಲ್ ಇದ್ದರೆ ಅದು ಇಂಧನ ಒಳಬರುವ ಕಡೆಗೆ, ಎಕ್ಸಾಸ್ಟಿನ ಎದುರುಬದಿಗೆ ಇರಬೇಕು. ತಿರುಗಿಸಿ ಹಾಕಿದರೆ ಹೆಡ್ಡಿಗೆ ಬಡಿಯುತ್ತದೆ. ಪಿಸ್ಟನ್ನೂ ಲೈನರೂ ಒಂದಕ್ಕೊಂದು ತೀಡಿ ಹೊಂದಿಸಿದ ಜೋಡಿ. ಇದರದ್ದನ್ನು ಅದಕ್ಕೆ ಹಾಕಲು ಬರುವುದಿಲ್ಲ.

ಕರಕಲು ತೆಗೆಯುವುದು

ಐಪಿಎಗೆ ಹೋಗದ ಕಪ್ಪು ಕರಕಲಿಗೆ ಹೊರದೇಶಗಳ ಹವ್ಯಾಸಿಗಳಲ್ಲಿ ಹೆಸರುವಾಸಿಯಾದ ಒಂದು ವಿಧಾನವಿದೆ: ಕಾರಿನ ರೇಡಿಯೇಟರ್ ಕೂಲಂಟ್. ಅವರು ಸ್ಲೋ ಕುಕ್ಕರ್ ಬಳಸುತ್ತಾರೆ. ನಮಗೆ ಹಳೆಯ ಸ್ಟೀಲ್ ಪಾತ್ರೆ, ಕರೆಂಟ್ ಒಲೆ ಸಾಕು. ಎಥಿಲೀನ್ ಗ್ಲೈಕಾಲ್ ಕೂಲಂಟಿನಲ್ಲಿ ಲೋಹದ ಭಾಗಗಳನ್ನು ಮುಳುಗಿಸಿ, ಮುಚ್ಚಳ ಹಾಕಿ, ಕುದಿಸದೆ ಹಬೆಯಾಡುವಷ್ಟು ಕಾವಿನಲ್ಲಿ ಎಂಟು ಗಂಟೆ, ಕೊಳೆ ಹೆಚ್ಚಿದ್ದರೆ ಅದರ ಎರಡರಷ್ಟು ಹೊತ್ತು ಇಡಿ. ಕರಕಲು ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸಿಪ್ಪೆಯಂತೆ ಬಿಡುತ್ತದೆ. ತಂತಿ ಬ್ರಷ್ ಹತ್ತಿರಕ್ಕೂ ತರಬೇಡಿ.

ಇದನ್ನು ಮನೆಯೊಳಗೆ ಮಾಡಬಾರದು. ಎಥಿಲೀನ್ ಗ್ಲೈಕಾಲ್ ವಿಷ, ಜೊತೆಗೆ ಸಿಹಿ. ನಾಯಿ, ಬೆಕ್ಕು, ಮಕ್ಕಳು ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ನಾನು ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದುಬಿಟ್ಟೆ, ಅಮ್ಮ ಮರೆತೂ ಬಳಸದಿರಲಿ ಎಂದು. ಬಣ್ಣ ಹಾಕಿದ ಅಥವಾ ಚಿನ್ನದ ಬಣ್ಣಕ್ಕೆ ಆನೊಡೈಸ್ ಮಾಡಿದ ಭಾಗಗಳು ಮಂಕಾಗಬಹುದು, ಅವನ್ನು ಹಾಕಬೇಡಿ. ಮೆಗ್ನೀಸಿಯಂ ಮೈಯ ಹಳೆಯ ರೇಸಿಂಗ್ ಎಂಜಿನ್‌ಗಳನ್ನಂತೂ ಬೇಡವೇ ಬೇಡ.

ಬಿಸಿನೀರಿನಲ್ಲಿ ತೊಳೆದ ಕೂಡಲೇ ಒರೆಸಿ, ಗಾಳಿ ಹೊಡೆದು ಒಣಗಿಸಿ, ಎಣ್ಣೆ ಸವರಿ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಉಕ್ಕಿನ ಮೇಲೆ ಕೆಂಪು ಚುಕ್ಕೆ ಮೂಡಿದ್ದನ್ನು ನೋಡಿದ್ದೇನೆ.

ಈಗ ಲೈನರ್ ಪರೀಕ್ಷೆ. ಎಕ್ಸಾಸ್ಟ್ ಕಿಂಡಿಗಿಂತ ಮೇಲಿನ ಭಾಗದಲ್ಲಿ ತುಕ್ಕು ತಿಂದ ಕುಳಿಗಳಿದ್ದರೆ ಕಂಪ್ರೆಶನ್ ಅಲ್ಲೇ ಸೋರುತ್ತದೆ, ಎಂಜಿನ್ ಷೋಕೇಸಿಗಷ್ಟೇ ಸರಿ. ಕಿಂಡಿಯ ಕೆಳಗಿನ ಕಲೆಗಳನ್ನು ಅಷ್ಟಾಗಿ ಲೆಕ್ಕಿಸಬೇಕಿಲ್ಲ. ಎಮರಿ ಕಾಗದ ಹಾಕಿ 'ಹೊಳಪು ಕೊಡುವ' ಯೋಚನೆ ಬೇಡ. ಕ್ರೋಮ್ ಲೈನರ್ ಆದರೆ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚೇನೂ ಮಾಡಬಾರದು.

ಬೇರಿಂಗ್ ಹಿಡಿದಿದ್ದರೆ

ಎಫ್‌ಪಿ ಸರಣಿಯಲ್ಲಿ ಶಾಫ್ಟ್ ತಿರುಗುವುದು ಬುಶ್ಶಿನಲ್ಲಿ. ಹಾಗಾಗಿ ಮಾವನವರ ಎಂಜಿನ್‌ಗೆ ಈ ತಲೆನೋವೇ ಇರಲಿಲ್ಲ. ಬಾಲ್ ಬೇರಿಂಗ್ ಇರುವವುಗಳಲ್ಲಿ ತುಕ್ಕು ಹಿಡಿದ ಬೇರಿಂಗನ್ನು ಎಣ್ಣೆ ಹಾಕಿ ಉಳಿಸಿಕೊಳ್ಳುವ ಆಸೆ ಬಿಡಿ. ಗುಂಡುಗಳ ಮೈ ಒಮ್ಮೆ ಕುಳಿಬಿದ್ದರೆ ಅದು ಜಲ್ಲಿ ಅರೆದ ಸದ್ದು ಮಾಡುತ್ತದೆ, ಚೂರುಗಳು ಪಿಸ್ಟನ್ನಿಗೂ ಹೋಗುತ್ತವೆ.

ಪಿಸ್ಟನ್, ರಾಡ್ ತೆಗೆದ ಮೇಲೆ ಪ್ರಾಪ್ ಡ್ರೈವರನ್ನು (ಪ್ರಾಪ್ ಒರಗಿ ಕೂರುವ ಬಿಲ್ಲೆ) ಸಣ್ಣ ಪುಲ್ಲರ್‌ನಿಂದ ಎಳೆಯಿರಿ. ಅದರಡಿಯ ಅರ್ಧಚಂದ್ರದ ಕೀ ಅಥವಾ ಸೀಳು ಬಳೆ ಎಲ್ಲಾದರೂ ಹಾರೀತು, ಜೋಪಾನ. ಎಂಜಿನ್ ಮೈಯನ್ನು ಈ ಸಲ 150 ಡಿಗ್ರಿಯ ತನಕ ಕಾಯಿಸಿ, ಶಾಫ್ಟ್ ತುದಿಗೆ ಮರದ ತುಂಡು ಹಿಡಿದು ಹಿಂದಕ್ಕೆ ತಟ್ಟಿ. ಹಿಂದಿನ ಬೇರಿಂಗ್ ಶಾಫ್ಟಿನ ಜೊತೆಗೇ ಬರುತ್ತದೆ. ಮುಂದಿನದನ್ನು ಅದೇ ಬಿಸಿಯಲ್ಲಿ ಒಳಗಿನಿಂದ ಮರದ ಕಡ್ಡಿಯಿಂದ ಹೊರಕ್ಕೆ ತಳ್ಳಿ.

ಹೊಸದಕ್ಕೆ ಎಂಜಿನ್ ಕಂಪನಿಯ ಬಿಡಿಭಾಗವೇ ಬೇಕೆಂದಿಲ್ಲ. ಬೇರಿಂಗಿನ ಅಂಚಿನ ಮೇಲಿನ ಸಂಖ್ಯೆ ನೋಡಿ, ಅಳಿಸಿದ್ದರೆ ವರ್ನಿಯರ್‌ನಿಂದ ಅಳೆಯಿರಿ. 607 ಎಂದರೆ ಒಳವ್ಯಾಸ 7, ಹೊರವ್ಯಾಸ 19, ದಪ್ಪ 6 ಮಿಮೀ. 6902 ಎಂದರೆ 15, 28, 7. ಬೇರಿಂಗ್ ಅಂಗಡಿಯಲ್ಲಿ ಈ ಸಂಖ್ಯೆಗಳನ್ನು ಹೇಳಿದರೆ ಸಾಕು. ಹಿಂದಿನದಕ್ಕೆ ಮುಚ್ಚಳ ಇರಬಾರದು, ಇಂಧನದ ಎಣ್ಣೆಯೇ ಅದಕ್ಕೆ ಆಹಾರ. ಮುಂದಿನದಕ್ಕೆ ಹೊರಬದಿಯ ಸೀಲ್ ಇರಲಿ. ಕೂರಿಸುವಾಗ ಬೇರಿಂಗನ್ನು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟು, ಮೈಯನ್ನು ಕಾಯಿಸಿ, ನೆಟ್ಟಗೆ ಹಾಕಿದರೆ 'ಟಪ್' ಎಂದು ತಾನೇ ಕೂರುತ್ತದೆ.

ಡೀಸೆಲ್ ಆಗಿದ್ದರೆ

ಕಲ್ಕತ್ತಾದ ಅರೋರಾ ಡೀಸೆಲ್‌ಗಳು ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಕೈಗೆ ಸಿಗುತ್ತವೆ. ಇವಕ್ಕೆ ಪ್ಲಗ್ ಇಲ್ಲ. ತಲೆಯ ಮೇಲಿನ ಅಡ್ಡಕಡ್ಡಿಯ ಸ್ಕ್ರೂ ಕೆಳಗೆ ಕಾಂಟ್ರಾ ಪಿಸ್ಟನ್ ಎಂಬ ಇನ್ನೊಂದು ಬಿರಡೆ. ಹೆಚ್ಚಾಗಿ ಅಂಟುವುದು ಅದೇ. ಮೊದಲ ಕೆಲಸವೆಂದರೆ ಸ್ಕ್ರೂವನ್ನು ಎರಡು ಮೂರು ಸುತ್ತು ಹಿಂದಕ್ಕೆ ಬಿಚ್ಚುವುದು. ಅಂಟಿದ್ದನ್ನು ಬಿಡಿಸಲೆಂದು ಕೆಳಕ್ಕೆ ಬಿಗಿದರೆ ಅದು ಮೇಲೆ ಬಂದ ಪಿಸ್ಟನ್ನಿನ ಮೇಲೆ ಕೂತು ರಾಡ್ ಬಗ್ಗಿಸುತ್ತದೆ. ಸಿಲಿಂಡರ್ ಬಿಚ್ಚಿ, ಕಾಯಿಸಿ, ಒಳಗಿನಿಂದ ಗಟ್ಟಿಮರದ ಕಡ್ಡಿ ಇಟ್ಟು ಮೇಲಕ್ಕೆ ತಟ್ಟಿ. ಉಳಿದ ಕೆಲಸ ಗ್ಲೋ ಎಂಜಿನ್ನಿನದೇ.

ಮತ್ತೆ ಜೋಡಿಸಿ ಓಡಿಸುವುದು

ಹಳೆಯ ಗ್ಯಾಸ್ಕೆಟ್ ಹರಿದಿದ್ದರೆ ಆಟೋಮೊಬೈಲ್ ಅಂಗಡಿಯ ತೆಳು ಗ್ಯಾಸ್ಕೆಟ್ ಕಾಗದದಲ್ಲಿ ಅದರ ಆಕಾರ ಬರೆದು ಕತ್ತರಿಸಿಕೊಳ್ಳಿ. ಪ್ರತಿ ಭಾಗಕ್ಕೂ ಎಣ್ಣೆ ಸವರಿ, ಗುರುತು ನೋಡಿಕೊಂಡು ಜೋಡಿಸಿ, ಹೆಡ್ಡನ್ನು ಎದುರುಬದುರಾಗಿ ಮೂರು ಸರದಿಯಲ್ಲಿ ಬಿಗಿಯಿರಿ. ಪ್ಲಗ್ ಇಲ್ಲದೆ ತಿರುಗಿಸಿದಾಗ ಎಲ್ಲೂ ಕಚ್ಚಬಾರದು. ಪ್ಲಗ್ ಹಾಕಿ ತಿರುಗಿಸಿದರೆ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಪ್ರಾಪ್ ಚೆಂಡು ಪುಟಿದಂತೆ ಹಿಂದಕ್ಕೆ ಒದೆಯಬೇಕು. ಆ ಒದೆತ ಸಿಕ್ಕಿದರೆ ಕೆಲಸ ಮುಗಿದಂತೆಯೇ.

ಮೊದಲ ಓಟ ವಿಮಾನದಲ್ಲಲ್ಲ, ಬೆಂಚಿಗೆ ಭದ್ರವಾಗಿ ಬೋಲ್ಟ್ ಮಾಡಿದ ಸ್ಟ್ಯಾಂಡಿನ ಮೇಲೆ. 40ರ ಎಂಜಿನ್‌ಗೆ 10x6 (ವ್ಯಾಸ 10 ಇಂಚು, ಪಿಚ್ 6 ಇಂಚು) ಪ್ರಾಪ್, ಹೊಸ ಇಂಧನ ಪೈಪ್, ಎಣ್ಣೆ 20 ಪ್ರತಿಶತ ಇರುವ, ಅದರಲ್ಲೂ ಹರಳೆಣ್ಣೆಯ ಪಾಲಿರುವ ಇಂಧನ. ಇಂಧನದ ಹರಿವನ್ನು ಹೊಂದಿಸುವ ಕಾರ್ಬಿನ ಸ್ಕ್ರೂ, ಅಂದರೆ ನೀಡಲ್, ಧಾರಾಳವಾಗಿ ತೆರೆದಿಡಿ. ಹೊಗೆ ಕಾರುತ್ತಾ 'ಬಡಬಡ' ಎನ್ನುವ ಒದ್ದೆ ಸದ್ದಿನಲ್ಲೇ ಎರಡು ಟ್ಯಾಂಕ್ ಓಡಲಿ. ಪ್ರಾಪ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು. ನೀಡಲ್ ಹೊಂದಿಸುವುದು ಹಿಂದಿನಿಂದ.

ಓಡಿಸಿ ಮುಗಿಸಿದ ಮೇಲೆ ಟ್ಯಾಂಕಿನ ಪೈಪ್ ಕಿತ್ತು, ಒಳಗಿನ ಇಂಧನ ಉರಿದು ತಾನಾಗಿ ನಿಲ್ಲಲಿ. ಪ್ಲಗ್ ರಂಧ್ರಕ್ಕೂ ಕಾರ್ಬ್ ಬಾಯಿಗೂ ನಾಲ್ಕಾರು ಹನಿ ಏರ್ ಟೂಲ್ ಎಣ್ಣೆ ಬಿಟ್ಟು ಹತ್ತು ಸುತ್ತು ತಿರುಗಿಸಿ, ಬಟ್ಟೆಯಲ್ಲಿ ಸುತ್ತಿಡಿ. ಡಬ್ಲ್ಯೂಡಿ-40 ನೀರು ಓಡಿಸಲು ಒಳ್ಳೆಯದು, ವರ್ಷಗಟ್ಟಲೆ ಕಾಯುವ ಎಣ್ಣೆಯಲ್ಲ.

ಮಾವನವರ ಮುಂದೆ ಅದನ್ನು ಓಡಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಏಳನೆಯ ಏಟಿಗೆ ಹಿಡಿಯಿತು. ಅವರು ಮಾತಾಡಲಿಲ್ಲ. ಎಕ್ಸಾಸ್ಟಿನ ಎದುರು ಬಾಗಿ ಹೊಗೆಯನ್ನು ಒಮ್ಮೆ ಮೂಸಿ, ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ನೀಡಲ್ ಇನ್ನೊಂದೆರಡು ಕ್ಲಿಕ್ ಮುಚ್ಚಯ್ಯ!"